ಕರಿ ನೂಡಲ್ಸ್ ತಿನ್ನುವ ಮುಂಚೆ "ಇದು ಅಸಲಿನಾ" ಅಂತ ಕೇಳಬೇಡಿ

ನಮಸ್ಕಾರ, ಬನ್ನಿ ಕೂತ್ಕೊಳ್ಳಿ. ಇವತ್ತು ಕೊರಿಯಾದ ಚೈನೀಸ್ ಹೋಟೆಲ್‌ಗಳ ವಿಷಯ. ಸಿಯೋಲ್‌ನ ಯಾವ ಏರಿಯಾಗೆ ಹೋದರೂ ಇಂಥದ್ದೊಂದು ಇದ್ದೇ ಇರುತ್ತದೆ. ಅಲ್ಲಿ ಉಂಡು ಬಂದ ನಮ್ಮವರು ಹೇಳುವುದು ಮಾತ್ರ ಒಂದೇ ಮಾತು: "ಚೆನ್ನಾಗಿತ್ತು, ಆದ್ರೆ ಅಸಲಿ ಚೈನೀಸ್ ಅಲ್ಲ ಬಿಡಿ." ಇದನ್ನು ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಗೋಬಿ ಮಂಚೂರಿ ತಿಂದು ಬೆಳೆದ ನಾವು ಈ ಮಾತು ಆಡಬಹುದಾ ಸ್ವಾಮಿ?

ಮೊದಲು ಟೇಬಲ್ ಮೇಲೆ ಏನು ಬರುತ್ತದೆ ನೋಡೋಣ. ಆರ್ಡರ್ ಕೊಟ್ಟ ತಕ್ಷಣ ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿ ಬರುತ್ತದೆ. ಅದಕ್ಕೆ ದನ್‌ಮುಜಿ ಅನ್ನುತ್ತಾರೆ. ಪಕ್ಕದಲ್ಲಿ ಹಸಿ ಈರುಳ್ಳಿ ತುಂಡು, ಒಂದಿಷ್ಟು ಕರಿ ಪೇಸ್ಟ್. ಈ ಪೇಸ್ಟೇ ಚುಂಜಾಂಗ್, ಸೋಯಾಕಾಳು ಮತ್ತು ಗೋಧಿಹಿಟ್ಟು ಹುದುಗಿಸಿ ಮಾಡಿದ್ದು. ಕೆಲವರು ಮೂಲಂಗಿ ಮೇಲೆ ವಿನೆಗರ್ ಚಿಮುಕಿಸಿಕೊಳ್ಳುತ್ತಾರೆ. ಆಮೇಲೆ ಬರುತ್ತದೆ ಜಾಜಾಂಗ್‌ಮ್ಯೊನ್. ದಪ್ಪ ಗೋಧಿ ನೂಡಲ್ಸ್, ಅದರ ಮೇಲೆ ಮಿರಿಮಿರಿ ಮಿಂಚುವ ಕರಿ ಸಾಸ್, ಒಳಗೆ ಹಂದಿಮಾಂಸ ಮತ್ತು ಈರುಳ್ಳಿ, ಮೇಲೆ ಒಂಚೂರು ಸೌತೆಕಾಯಿ. ಫೋಟೋ ಆಮೇಲೆ ತೆಗೆಯಿರಿ, ಮೊದಲು ಕಲಸಿ. ಕೈಗೊಂದು ಕಡ್ಡಿ ಹಿಡಿದು ತಳದಿಂದ ಮೇಲಕ್ಕೆತ್ತಿ ಕಲಸಬೇಕು. ತಡ ಮಾಡಿದರೆ ನೂಡಲ್ಸ್ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಕೆಲವರ ಬಟ್ಟಲಲ್ಲಿ ಊಟ ಮುಗಿಯುವ ಹೊತ್ತಿಗೆ ಸಾಸ್ ನೀರಾಗಿರುತ್ತದೆ. ಹೋಟೆಲ್‌ನವನದ್ದೇನೂ ತಪ್ಪಿಲ್ಲ. ಸಾಸ್ ಗಟ್ಟಿಯಾಗಿರುವುದು ಸ್ಟಾರ್ಚ್‌ನಿಂದ, ನಮ್ಮ ಎಂಜಲಿನಲ್ಲಿರುವ ಕಿಣ್ವ ಸ್ಟಾರ್ಚನ್ನು ಒಡೆಯುತ್ತದೆ. ಕಚ್ಚಿ ಬಿಟ್ಟ ನೂಡಲ್ಸ್ ಮತ್ತೆ ಮತ್ತೆ ಬಟ್ಟಲಿಗೆ ಬಿದ್ದರೆ ಹೀಗಾಗುತ್ತದೆ. ನಮ್ಮಜ್ಜಿಯಂಥವರು ನೋಡಿದ್ದರೆ ಎಂಜಲು-ಮುಸುರೆ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದರು. ಈ ತಾಪತ್ರಯ ಬೇಡ ಅಂದರೆ ಗಾನ್‌ಜಾಜಾಂಗ್ ಹೇಳಿ. ಅದಕ್ಕೆ ನೀರು, ಸ್ಟಾರ್ಚ್ ಹಾಕದೆ ಆರ್ಡರ್ ಬಂದ ಮೇಲೆ ಸಾಸ್ ಹುರಿದು ಬೇರೆ ಬಟ್ಟಲಲ್ಲಿ ಕೊಡುತ್ತಾರೆ. ದುಡ್ಡು ಸ್ವಲ್ಪ ಜಾಸ್ತಿ. ನನ್ನ ಮಟ್ಟಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ.

ಈಗ ಅಸಲಿ ವಿಚಾರಕ್ಕೆ ಬರೋಣ. 1883ರಲ್ಲಿ ಇಂಚಿಯೋನ್ ಬಂದರು ಹೊರದೇಶದವರಿಗೆ ತೆರೆಯಿತು. ಮರುವರ್ಷ ಚೀನೀಯರಿಗೆ ಅಲ್ಲೇ ಒಂದು ಕೇರಿ ಸಿಕ್ಕಿತು. ಹಳದಿ ಸಮುದ್ರದ ಆಚೆ ದಡದಲ್ಲೇ ಶಾನ್‌ಡಾಂಗ್ ಪ್ರಾಂತ್ಯ. ಅಲ್ಲಿಂದ ವ್ಯಾಪಾರಿಗಳು, ಕೂಲಿಯವರು ಬಂದರು. ಹುರಿದ ಹುದುಗು ಪೇಸ್ಟ್ ಹಾಕಿ ನೂಡಲ್ಸ್ ತಿನ್ನುವ ರೂಢಿಯೂ ಅವರ ಜೊತೆಗೇ ಬಂತು. ಆ ಮೂಲ ತಿಂಡಿ ಕಂದು ಬಣ್ಣದ್ದು, ಉಪ್ಪುಪ್ಪು, ಸಾಸ್ ಒಂದೆರಡು ಚಮಚ ಅಷ್ಟೇ. ಕೊರಿಯಾದಲ್ಲಿ ಅದು ಸಿಹಿಯಾಯಿತು, ಕಪ್ಪಾಯಿತು, ಸಾಸ್ ಧಾರಾಳವಾಯಿತು. ಚುಂಜಾಂಗ್‌ಗೆ ಕ್ಯಾರಮೆಲ್ ಸೇರಿಸಿದ್ದೇ ಆ ಕಪ್ಪಿನ ಗುಟ್ಟು. ಹಾಗೆ ಮಾಡಿ ಮಾರಿದ್ದು ಕೂಡ ಕೊರಿಯಾದಲ್ಲೇ ನೆಲೆಸಿದ ಚೀನೀ ಮೂಲದವರು. ಕೊರಿಯಾ ಯುದ್ಧದ ನಂತರ ಅಮೆರಿಕದ ನೆರವಿನ ಗೋಧಿ ರಾಶಿರಾಶಿ ಬಂತು. ಅಕ್ಕಿಗೆ ಕೊರತೆ. 60, 70ರ ದಶಕದಲ್ಲಿ ಸರ್ಕಾರವೇ "ಹಿಟ್ಟಿನ ತಿಂಡಿ ತಿನ್ನಿ" ಅಂತ ಪ್ರಚಾರಕ್ಕೆ ನಿಂತಿತು. ಬೆಲೆಯ ಮೇಲೂ ಕಣ್ಣಿಟ್ಟಿತ್ತು. ಹಾಗಾಗಿ ಬಡವರಿಗೂ ಎಟುಕುವ ಹೊರಗಿನ ಊಟ ಇದಾಯಿತು. ಮಕ್ಕಳ ಶಾಲೆ ಮುಗಿದ ದಿನ, ಮನೆ ಬದಲಾಯಿಸಿದ ದಿನ, ಎಲ್ಲದಕ್ಕೂ ಜಾಜಾಂಗ್.

ಈಗ ಹೇಳಿ, ಇದರಲ್ಲಿ ನಕಲಿ ಯಾವುದು? ಮಾಡಿದವರು ಚೀನೀ ಮೂಲದವರೇ. ಎದುರಿಗೆ ಕೂತವರ ನಾಲಿಗೆ ನೋಡಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಮಾಡಿದರು. ಬೀಜಿಂಗ್‌ನದ್ದನ್ನು ಮುಂದಿಟ್ಟುಕೊಂಡು ಇದಕ್ಕೆ ಮಾರ್ಕ್ಸ್ ಕೊಡುವುದು ಶುದ್ಧ ತಲೆಹರಟೆ.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಅಡುಗೆಯವರ ಸಮುದಾಯಕ್ಕೆ ಅಲ್ಲಿ ಹ್ವಾಗ್ಯೊ ಅನ್ನುತ್ತಾರೆ. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದರೂ ಕಾಗದದ ಮೇಲೆ ಪರದೇಶಿಗಳು. 1961ರ ಕಾನೂನು ಪರದೇಶಿಗಳು ಜಮೀನು ಕೊಳ್ಳುವುದಕ್ಕೆ ಕಡಿವಾಣ ಹಾಕಿತು. ಬೇರೆ ದಾರಿ ಕಾಣದೆ ಎಷ್ಟೋ ಜನ ಹೋಟೆಲ್‌ಗೇ ಅಂಟಿಕೊಂಡರು. ಹೋಟೆಲ್ ದೊಡ್ಡದು ಮಾಡೋಣ ಅಂದರೆ ಜಾಗ ಕೊಳ್ಳುವ ಹಾಗಿಲ್ಲ. ಎಷ್ಟೋ ಕುಟುಂಬಗಳು ತೈವಾನ್‌ಗೆ, ಅಮೆರಿಕಕ್ಕೆ ಹೊರಟುಹೋದವು. ಲಾಸ್ ಏಂಜಲೀಸ್‌ನಲ್ಲಿ ಕೊರಿಯನ್ ಭಾಷೆಯ ಮೆನು ಇಟ್ಟಿರುವ ಚೈನೀಸ್ ಹೋಟೆಲ್‌ಗಳು ಏಕಿವೆ ಅಂತ ಈಗ ಗೊತ್ತಾಯಿತಲ್ವಾ?

ಜಮೀನಿನ ಕಟ್ಟುಪಾಡು ಹೋಗಿದ್ದು 1998ರಲ್ಲಿ. ಕಾಯಂ ವಾಸದ ವೀಸಾ ಬಂದಿದ್ದು 2002ರಲ್ಲಿ. 2006ರಲ್ಲಿ ಎರಡು ಸಂಗತಿ ನಡೆದವು. ಕೊರಿಯಾದ ಸಂಸ್ಕೃತಿ ಇಲಾಖೆ ದೇಶದ ನೂರು ಸಾಂಸ್ಕೃತಿಕ ಗುರುತುಗಳ ಪಟ್ಟಿ ಮಾಡಿ, ಅದರಲ್ಲಿ ಜಾಜಾಂಗ್‌ಮ್ಯೊನ್‌ಗೂ ಜಾಗ ಕೊಟ್ಟಿತು. ಅದೇ ವರ್ಷದ ಸ್ಥಳೀಯ ಚುನಾವಣೆಯಲ್ಲಿ ಹ್ವಾಗ್ಯೊ ಜನ ಮೊದಲ ಸಲ ವೋಟು ಹಾಕಿದರು. ಬಟ್ಟಲನ್ನು ನಮ್ಮದು ಅನ್ನುವುದಕ್ಕೂ, ಬಟ್ಟಲು ತುಂಬಿಸಿದವನ ಕೈಗೆ ವೋಟು ಕೊಡುವುದಕ್ಕೂ ಒಂದೇ ವರ್ಷ! ಇಂಚಿಯೋನ್‌ನಲ್ಲಿ ಗೊಂಗ್ಹ್ವಾಚುನ್ ಅನ್ನುವ ಹಳೇ ಚೈನೀಸ್ ಹೋಟೆಲ್ ಇದ್ದ ಕಟ್ಟಡ 2012ರಲ್ಲಿ ಜಾಜಾಂಗ್ ಮ್ಯೂಸಿಯಂ ಆಯಿತು. ಹೋದರೆ ನೋಡಿ ಬನ್ನಿ. ಬರೀ ತಿಂಡಿಯ ಬೊಂಬೆ ನೋಡಿಕೊಂಡು ಬಂದುಬಿಡಬೇಡಿ.

ಸರಿ, ಏನು ಆರ್ಡರ್ ಮಾಡಬೇಕು? ಇಬ್ಬರು ಹೋದರೆ ಒಂದು ಜಾಜಾಂಗ್, ಒಂದು ಜಾಂಪೊಂಗ್. ಜಾಂಪೊಂಗ್ ಅಂದರೆ ಸಮುದ್ರದ ಚಿಪ್ಪು, ಸ್ಕ್ವಿಡ್ ಹಾಕಿದ ಕೆಂಪು ಖಾರದ ಸಾರಿನ ನೂಡಲ್ಸ್. ಒಬ್ಬರೇ ಹೋಗಿ ಯಾವುದು ಅಂತ ಗೊಂದಲವಾದರೆ, ನಡುವೆ ಗೋಡೆ ಇರುವ ಬಟ್ಟಲಲ್ಲಿ ಎರಡೂ ಅರ್ಧರ್ಧ ಸಿಗುತ್ತದೆ. ನಡುವಿಗೊಂದು ತಾಂಗ್ಸುಯುಕ್, ಅಂದರೆ ಕರಿದ ಹಂದಿಮಾಂಸ, ಹುಳಿಸಿಹಿ ಸಾಸ್ ಜೊತೆ. ಸಾಸನ್ನು ಮೇಲೆ ಸುರಿಯಬೇಕೋ, ಅದ್ದಿ ತಿನ್ನಬೇಕೋ ಅಂತ ಕೊರಿಯಾದವರು ಗೆಳೆತನ ಮರೆತು ಜಗಳ ಆಡುತ್ತಾರೆ. ನಾನು ಅದ್ದುವ ಪಕ್ಷ. ಗರಿಗರಿ ಕರಿದಿದ್ದನ್ನು ನೆನೆಸಿ ತಿನ್ನುವುದಾದರೆ ಕರಿದಿದ್ದಾದರೂ ಯಾಕೆ?

ಸಸ್ಯಾಹಾರಿಗಳಿಗೆ ಒಂದು ಮಾತು. "ಮಾಂಸ ಎತ್ತಿಟ್ಟು ತಿಂತೀನಿ" ಅಂದರೆ ಇಲ್ಲಿ ನಡೆಯಲ್ಲ. ಸಾಸಿನ ಒಳಗೇ ಹಂದಿಮಾಂಸ ಬೆಂದಿರುತ್ತದೆ, ಎಷ್ಟೋ ಕಡೆ ಹುರಿಯುವುದೂ ಹಂದಿ ಕೊಬ್ಬಿನಲ್ಲೇ. ಆಸೆ ತಡೆಯದಿದ್ದರೆ ಮನೆಯಲ್ಲಿ ಮಾಡಿಕೊಳ್ಳಿ. ಕೊರಿಯನ್ ಅಂಗಡಿಯಲ್ಲಿ ಚುಂಜಾಂಗ್ ಸಿಗುತ್ತದೆ, ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಓದಿಕೊಳ್ಳಿ. ಧಾರಾಳ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಪೇಸ್ಟನ್ನು ಮೊದಲು ಹುರಿಯಿರಿ, ಇಲ್ಲದಿದ್ದರೆ ಕಹಿ ಹೋಗಲ್ಲ. ಈರುಳ್ಳಿ, ಎಲೆಕೋಸು, ಆಲೂಗಡ್ಡೆ ಬೇಯಿಸಿ, ಪೇಸ್ಟ್ ಬೆರೆಸಿ, ಚೂರು ಸಕ್ಕರೆ ಹಾಕಿ. ಕೊನೆಗೆ ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್. ಈರುಳ್ಳಿ ಮಾತ್ರ ನಿಮಗೆ ಸಾಕು ಅನಿಸಿದ್ದಕ್ಕಿಂತ ಎರಡು ಜಾಸ್ತಿಯೇ ಇರಲಿ.