ಸೊಟ್ಟಗಿರೋ ಮೆಝೂಝಾ, ಏಳು ಸಲ ಉಗುಳಿಸ್ಕೊಂಡ ಗುರು

ಯಹೂದಿಗಳ ಮನೆ ಬಾಗಿಲ ದಾರಂದಕ್ಕೆ ಹೊಡೆದಿರೋ ಈ ಚಿಕ್ಕ ಡಬ್ಬಿ ಉಂಟಲ್ಲ, ಇದೇ ಮೆಝೂಝಾ, ಒಳಗೆ ಚರ್ಮದ ಹಾಳೆ ಮೇಲೆ ಕೈಯಲ್ಲಿ ಬರೆದ ತೋರಾದ, ಅಂದ್ರೆ ಯಹೂದಿಗಳ ಧರ್ಮಗ್ರಂಥದ, ಸಾಲುಗಳಿರ್ತವೆ. ಸೊಟ್ಟಗಿದೆ ಅಂತ ನೋಡ್ತಿದ್ದೀರಾ, ಅದು ಬೇಕಂತ್ಲೇ. ಫ್ರಾನ್ಸಲ್ಲಿ ರಾಶಿ ಅಂತ ದೊಡ್ಡ ಪಂಡಿತರಿದ್ರು, 1105ರಲ್ಲಿ ತೀರ್ಕೊಂಡ್ರು, ಅವರು ಇದನ್ನ ನೆಟ್ಟಗೆ ಹಾಕ್ಬೇಕು ಅಂದ್ರು, ಆಮೇಲೆ ಅವರದ್ದೇ ಮಗಳ ಮಗ ರಬ್ಬೇನು ತಾಮ್ ಬಂದು ಇಲ್ಲ ಅಡ್ಡ ಮಲಗಿಸ್ಬೇಕು ಅಂದ್ರು. ಜರ್ಮನಿ, ಪೂರ್ವ ಯುರೋಪ್ ಕಡೆಯ ಯಹೂದಿಗಳು ಅಜ್ಜನ್ನೂ ಬಿಡ್ಲಿಲ್ಲ, ಮೊಮ್ಮಗನ್ನೂ ಬಿಡ್ಲಿಲ್ಲ, ಓರೆಯಾಗಿ ಹೊಡೆದ್ಬಿಟ್ರು. ಸೆಫಾರ್ದಿಗಳ, ಅಂದ್ರೆ ಸ್ಪೇನ್ ಮೂಲದ ಯಹೂದಿಗಳ, ಮನೇಲಿ ಮಾತ್ರ ನೆಟ್ಟಗೇ ಇರುತ್ತೆ.

ನಾನು ಮಂಗಳೂರಿನವಳು, ಇಸ್ರೇಲಲ್ಲಿ ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ, ನಮ್ಮ ಕಡೆಯವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಲ್ಲಿನ ಯಹೂದಿಗಳ ಮನೆಗಳಲ್ಲೂ ಇಂಥದ್ದೇ ರಾಜಿ ಉಂಟು, ಜಗಳ ಶುರುವಾದ್ರೆ ಯಾರಾದ್ರೊಬ್ರು ಶಲೋಮ್ ಬಾಯಿತ್ ಅಂತಾರೆ, ಮನೆ ನೆಮ್ಮದಿ ಕೆಡಿಸ್ಬೇಡಿ, ಸ್ವಲ್ಪ ಬಿಟ್ಕೊಡಿ ಅಂತ. ನಮ್ಮ ಸೊಸೆಯಂದಿರಿಗೆ ಹೇಳ್ತಾರಲ್ಲ, ಹೊಂದ್ಕೊಂಡು ಹೋಗಮ್ಮ, ಅದೇ ಥರ ಕೇಳ್ಸುತ್ತೆ. ಆದ್ರೆ ಇವರ ಹಳೇ ಕಥೆಗಳಲ್ಲಿ ತಗ್ಗೋದು ಯಾರು ಅಂತ ನೋಡಿದ್ರೆ ಲೆಕ್ಕಾನೇ ಬೇರೆ.

ಅಬ್ರಹಾಮನ ದನಕಾಯೋರಿಗೂ ಅವನ ಒಡಹುಟ್ಟಿದವನ ಮಗ ಲೋಟನ ದನಕಾಯೋರಿಗೂ ಜಗಳ ಆದಾಗ ಹಿರಿಯ ಅಬ್ರಹಾಮನೇ ಹೇಳ್ತಾನೆ, ನೀನು ಎಡಕ್ಕೆ ಹೋದ್ರೆ ನಾನು ಬಲಕ್ಕೆ ಹೋಗ್ತೀನಿ, ಮೊದಲು ನೀನೇ ಆರಿಸ್ಕೋ ಅಂತ. ಲೋಟ ನೀರಿರೋ ಯೊರ್ದಾನ್ ಬಯಲನ್ನೇ ಹೊಡ್ಕೊಂಡ. ಪಾಲು ಮಾಡೋವಾಗ ದೊಡ್ಡಪ್ಪಂದಿರು ಹೀಗಂದಿದ್ದನ್ನ ನಾನಂತೂ ಕೇಳಿಲ್ಲ ಮಾರ್ರೆ.

ನಂಗೆ ಭಾರಿ ಇಷ್ಟ ಆಗೋದು ಜೆರುಸಲೇಮ್ ತಾಲ್ಮುದ್ ಅನ್ನೋ ಇವರ ಹಳೇ ಶಾಸ್ತ್ರಗ್ರಂಥದಲ್ಲಿರೋ ರಬ್ಬಿ (ಅಂದ್ರೆ ಗುರು) ಮೇಯಿರ್ ಕಥೆ. ಶುಕ್ರವಾರ ರಾತ್ರಿ ಅವರು ಪ್ರವಚನ ಮಾಡ್ತಿದ್ರು, ಒಬ್ಬ ಹೆಂಗಸು ಪೂರ್ತಿ ಕೇಳಿ ಮನೆಗೆ ಹೋಗುವಾಗ ದೀಪ ಆರಿತ್ತು, ಗಂಡ ಬಾಗಿಲಲ್ಲೇ ನಿಲ್ಲಿಸಿ ಆ ಗುರುವಿನ ಮುಖಕ್ಕೆ ಉಗುಳಿ ಬಾ, ಅಲ್ಲೀವರೆಗೆ ಒಳಗೆ ಬರಬೇಡ ಅಂದ. ಮೇಯಿರ್‌ಗೆ ಇದು ಹೇಗೋ ಗೊತ್ತಾಯ್ತು. ನಂಗೆ ಕಣ್ಣು ನೋವು, ಮಂತ್ರ ಹಾಕೋಕೆ ಬರೋ ಹೆಂಗಸರು ಯಾರಾದ್ರೂ ಇದ್ದೀರಾ ಅಂತ ನಾಟಕ ಮಾಡಿದ್ರು, ಅಕ್ಕಪಕ್ಕದವರು ಇವಳನ್ನ ಮುಂದೆ ತಳ್ಳಿದ್ರು. ಅವಳು ಹೆದರಿ ನಂಗೆ ಮಂತ್ರ ಬರಲ್ಲ ಅಂದ್ಳು. ಪರವಾಗಿಲ್ಲ, ಏಳು ಸಲ ಉಗುಳು, ವಾಸಿಯಾಗುತ್ತೆ ಅಂದ್ರು. (ನಮ್ಮಲ್ಲಿ ದೃಷ್ಟಿ ತೆಗೆಯುವಾಗ ಥೂ ಥೂ ಅಂತೀವಲ್ಲ, ಹಾಗೆ ಅನ್ಕೊಳ್ಳಿ.) ಆಮೇಲೆ ಹೇಳಿದ್ರು, ಹೋಗಿ ನಿನ್ನ ಗಂಡನಿಗೆ ಹೇಳು, ನೀನು ಒಂದು ಸಲ ಅಂದೆ, ನಾನು ಏಳು ಸಲ ಉಗುಳಿದೆ ಅಂತ.

ಶಿಷ್ಯರಿಗೆ ಉರಿದು ಹೋಯ್ತು, ತೋರಾಗೇ ಅವಮಾನ ಅಲ್ವಾ ಇದು ಅಂದ್ರು. ಅದಕ್ಕೆ ಮೇಯಿರ್ ಅಂದಿದ್ದು, ಹೆಂಡ್ತಿ ಮೇಲೆ ಗಂಡನಿಗೆ ಅನುಮಾನ ಬಂದ್ರೆ ಅದನ್ನ ಕಳೆಯೋ ವಿಧಿಯಲ್ಲಿ ದೇವರ ಪವಿತ್ರ ಹೆಸರನ್ನೇ ನೀರಲ್ಲಿ ಅಳಿಸ್ತಿದ್ರು, ಗಂಡ ಹೆಂಡ್ತಿ ಚೆನ್ನಾಗಿರ್ಲಿ ಅಂತ ದೇವರೇ ತನ್ನ ಹೆಸರು ಬಿಟ್ಕೊಡ್ತಾನೆ ಅಂದ್ರೆ ನಾನ್ಯಾರು ಅಂತ.

ದೇವರು ಮಾತನ್ನೂ ಸ್ವಲ್ಪ ತಿರುಚಿದ್ದುಂಟು. ಮಗು ಆಗುತ್ತೆ ಅನ್ನೋ ಮಾತು ಕೇಳಿ ಅಬ್ರಹಾಮನ ಹೆಂಡ್ತಿ ಸಾರಾ ಮನಸಲ್ಲೇ ನಕ್ಕು ನಂಗೂ ವಯಸ್ಸಾಯ್ತು, ಗಂಡನೂ ಮುದುಕ ಅಂತಾಳೆ, ದೇವರು ಅಬ್ರಹಾಮನಿಗೆ ಹೇಳುವಾಗ ಅವಳ ವಯಸ್ಸಿನ ಮಾತು ಮಾತ್ರ ಹೇಳಿ ಗಂಡನ ವಿಷಯ ನುಂಗ್ಕೊಂಡ.

ಇದೆಲ್ಲ ಪುಸ್ತಕದಲ್ಲಿ ಚೆಂದ. ನಿಜದಲ್ಲಿ ಹೊಡೆತ ತಿಂದು ಬಂದ ಹೆಂಗಸಿಗೂ ಶಲೋಮ್ ಬಾಯಿತ್ ಅಂತ ಹೇಳಿ ವಾಪಸ್ ಕಳಿಸಿದ್ದುಂಟು, ಯಹೂದಿ ಹೆಂಗಸರೇ ಇದರ ವಿರುದ್ಧ ಮಾತಾಡ್ತಾ ಬಂದಿದ್ದಾರೆ, ನಂಗೂ ಆ ಜಾಗದಲ್ಲಿ ಈ ಮಾತು ಕೇಳಿದ್ರೆ ಸಿಟ್ಟು ಬರುತ್ತೆ. ಅಲ್ಲೂ ಇನ್ನೊಬ್ಬ ಮೇಯಿರ್ ಇದ್ದಾರೆ ನೋಡಿ, ಜರ್ಮನಿಯ ರೋಥೆನ್‌ಬರ್ಗ್‌ನವರು, 13ನೇ ಶತಮಾನ. ಬೇರೆಯವರಿಗೆ ಹೊಡೆಯೋನಿಗಿಂತ ಹೆಂಡ್ತಿಗೆ ಹೊಡೆಯೋನ ತಪ್ಪು ದೊಡ್ಡದು, ಯಾಕಂದ್ರೆ ಅವಳನ್ನ ಗೌರವಿಸೋ ಹೊಣೆ ಅವನ ಮೇಲಿದೆ, ಅಂಥವನಿಗೆ ಬಹಿಷ್ಕಾರ ಹಾಕಿ ಅಂತ ಬರೆದಿಟ್ಟು ಹೋಗಿದ್ದಾರೆ.