ಪೊಟ್ಟಣದ ಹಿಂಭಾಗ

ಕೇಳುಗರಿಗೆ ನಮಸ್ಕಾರ. ಅಂಗಡಿಯಿಂದ ತಿಂಡಿಯ ಪೊಟ್ಟಣ ತರುವ ಎಲ್ಲರಿಗೂ, ಅದರಲ್ಲೂ ಮಧುಮೇಹ ಅಥವಾ ರಕ್ತದೊತ್ತಡ ಇರುವವರ ಮನೆಯವರಿಗೆ, ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಪೊಟ್ಟಣವನ್ನು ತಿರುಗಿಸಿ, ಹಿಂಭಾಗವನ್ನು ಓದಿ. ಮುಂಭಾಗದಲ್ಲಿರುವುದು ಜಾಹೀರಾತು, ಕಾನೂನು ಕಡ್ಡಾಯವಾಗಿ ಬರೆಸಿರುವ ಲೆಕ್ಕ ಇರುವುದು ಹಿಂದೆ.

ನಮ್ಮ ಅತ್ತೆಯವರಿಗೆ ಮಧುಮೇಹವಿದೆ. ಕಾಫಿಗೆ ಸಕ್ಕರೆ ಬಿಟ್ಟು ಹತ್ತು ವರ್ಷವಾಯಿತೆಂದು ಬಂದವರಿಗೆಲ್ಲ ಅಭಿಮಾನದಿಂದ ಹೇಳುವ ಅವರು, ಆ ಸಪ್ಪೆ ಕಾಫಿಯ ಜೊತೆಗೆ ಬೆಳಿಗ್ಗೆ ಮೂರು, ಸಂಜೆ ಮೂರು ರಾಗಿ ಬಿಸ್ಕತ್ತುಗಳನ್ನು ತಪ್ಪದೆ ತಿನ್ನುತ್ತಿದ್ದರು. "ಮೈದಾದ್ದಲ್ಲಮ್ಮ, ರಾಗಿಯದು" ಎಂಬುದು ಅವರ ಸಮಾಧಾನ. ಪೊಟ್ಟಣದ ಮೇಲೆ ರಾಗಿ ತೆನೆ, ಹಸಿರು ಹೊಲ, ನಗುವ ರೈತ ಎಲ್ಲವೂ ಇದ್ದವು. ಒಂದು ಸಂಜೆ ಅದನ್ನು ತಿರುಗಿಸಿ, ಕನ್ನಡಕ ಸಾಲದೆ ಭೂತಗನ್ನಡಿ ಹಿಡಿದು, ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮೈದಾ, ನಂತರ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ಹಿಟ್ಟು ನಾಲ್ಕನೆಯದು, ಅದೂ ಶೇಕಡಾ 8ರಷ್ಟು ಮಾತ್ರ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕು, ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥ ಶೇಕಡಾ ಎಷ್ಟಿದೆಯೆಂದು ತಿಳಿಸಬೇಕು ಎಂಬುದು ನಿಯಮ. ಅಂದಮೇಲೆ ಅದು ಮೈದಾ ಬಿಸ್ಕತ್ತೇ, ರಾಗಿ ಹೆಸರಿಗಷ್ಟೇ.

ಪಟ್ಟಿಯ ಪಕ್ಕದ ಕೋಷ್ಟಕವನ್ನೂ ಓದಿದೆ. ಒಂದು ಸಲದ ಸೇವನೆ 15 ಗ್ರಾಂ, ಅಂದರೆ ಎರಡು ಬಿಸ್ಕತ್ತು. 100 ಗ್ರಾಂಗೆ ಸಕ್ಕರೆ 24 ಗ್ರಾಂ. ಎರಡೇ ಬಿಸ್ಕತ್ತಿನ ಲೆಕ್ಕ ಕಂಡು ಯಾರೂ ಬೆಚ್ಚುವುದಿಲ್ಲ. ಆದರೆ ಅತ್ತೆಯವರು ದಿನಕ್ಕೆ ತಿನ್ನುತ್ತಿದ್ದುದು ಆರು, ಅಂದರೆ 45 ಗ್ರಾಂ. ಅದರಲ್ಲಿ ಸಕ್ಕರೆ ಸುಮಾರು 11 ಗ್ರಾಂ, ಎರಡು ಟೀ ಚಮಚೆಗೂ ಮಿಗಿಲು. ಅವರು ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಂಭಾಗವನ್ನು ಮತ್ತೊಮ್ಮೆ ನೋಡಿ, "ಹಾಗಾದರೆ ಈ ತೆನೆ ಯಾಕೆ ಬರೆದಿದ್ದಾರೆ?" ಎಂದು ಕೇಳಿದರು. ಅದಕ್ಕೇ ಹೇಳುವುದು, ತಿರುಗಿಸಿ ಓದಿ.

ಈ ವಿವರವೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕೆಂದು ಕೇಂದ್ರದ ನಿಯಮ ಒಪ್ಪಿಕೊಂಡಿರುವುದು ನನಗೆ ಸರಿಕಾಣುವುದಿಲ್ಲ. ಕನ್ನಡವಷ್ಟೇ ಬಲ್ಲವರು ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿ ಕೇಳಬೇಕಾಗಿದೆ. ಓದಲು ಪುರುಸೊತ್ತಿಲ್ಲ ಎನ್ನುವವರಿಗೆ ಏನು ಹೇಳಲಿ? ಪಟ್ಟಿಯ ಮೊದಲ ಮೂರು ಹೆಸರು ಓದಲು ಅರ್ಧ ನಿಮಿಷವೂ ಬೇಡ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳು ಕಂಡರೆ ಅವೂ ಸಕ್ಕರೆಯೇ ಎಂದು ತಿಳಿಯಿರಿ.

ಸಮಯವಾಯಿತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ, ಉಪ್ಪಿನ ವಿಷಯ ಇನ್ನೂ ಉಳಿದಿದೆ. ಕೋಷ್ಟಕದಲ್ಲಿ ಉಪ್ಪಿನ ಬದಲು ಸೋಡಿಯಂ ಎಂದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಇಡೀ ದಿನಕ್ಕೆ ಇರಬೇಕಾದ ಮಿತಿ 5 ಗ್ರಾಂ. ಸಾರು, ಪಲ್ಯ, ಉಪ್ಪಿನಕಾಯಿಯ ಉಪ್ಪೂ ಅದರಲ್ಲೇ ಸೇರಬೇಕು. ನಮಸ್ಕಾರ.