ಪುಟ ಹೋದ ಮೇಲೂ ಉಳಿಯುವ ಪಟ

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ನಮ್ಮ ಪಕ್ಕದ ಮನೆಯ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಅರ್ಜಿ ತುಂಬಿದಳು. ದುಡ್ಡು ಕಟ್ಟಿದ್ದೂ ಆಯಿತು. ಕೊನೆಗೆ ಅರ್ಜಿ ಸಂಖ್ಯೆ ಬಂತು. ಅವಳು ಮೊಬೈಲ್ ಎತ್ತಿ ಪರದೆಯ ಫೋಟೋ ಹೊಡೆದುಕೊಂಡಳು. ವಾರ ಬಿಟ್ಟು ನೋಡಿದರೆ ಫೋಟೋ ತುಂಬ ಬಣ್ಣಬಣ್ಣದ ಗೆರೆ, ನಡುವೆ ಟ್ಯೂಬ್‌ಲೈಟಿನ ಹೊಳಪು. ಅಲ್ಲಿರುವುದು ಮೂರೋ ಎಂಟೋ ಎಂದು ಎರಡು ಮನೆಯವರೂ ಕೂತು ವಾದ ಮಾಡಿದೆವು.

ಆ ಗೆರೆಗಳು ಎಲ್ಲಿಂದ ಬರುತ್ತವೆ ಗೊತ್ತಾ? ಸೊಳ್ಳೆ ಪರದೆಯನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿದು ನೋಡಿ. ಎರಡರಲ್ಲೂ ಇಲ್ಲದ ಅಲೆಗಳು ಕಾಣುತ್ತವೆ. ಮಾನಿಟರಿನ ಚುಕ್ಕಿಗಳದ್ದು ಒಂದು ಜಾಲರಿ, ಮೊಬೈಲ್ ಕ್ಯಾಮೆರಾದ ಒಳಗೆ ಇನ್ನೊಂದು ಜಾಲರಿ. ಒಂದರ ಮೇಲೊಂದು ಬಿದ್ದಾಗ ಅದೇ ಅಲೆ. ಸ್ಕ್ರೀನ್‌ಶಾಟ್, ಅಂದರೆ ಕಂಪ್ಯೂಟರೇ ತೆಗೆದುಕೊಳ್ಳುವ ಪರದೆಯ ಪಟ, ಅದರಲ್ಲಿ ಕ್ಯಾಮೆರಾನೇ ಇಲ್ಲ. ಪರದೆಗೆ ಹೋಗುವ ಚುಕ್ಕಿಗಳನ್ನೇ ಕಂಪ್ಯೂಟರ್ ಕಡತಕ್ಕೆ ಬರೆಯುತ್ತದೆ. ಅದಕ್ಕೇ ಅಷ್ಟು ಚೊಕ್ಕ.

ನಿಮ್ಮ ಕೀಬೋರ್ಡಿನ ಮೇಲ್ಸಾಲಿನಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಕೀ ಇದೆ. ಎಷ್ಟೋ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಅದು ಹೆಸರಿಗೆ ತಕ್ಕ ಕೆಲಸವನ್ನೇ ಮಾಡುತ್ತಿತ್ತು. ಶಿಫ್ಟ್ ಹಿಡಿದು ಒತ್ತಿದರೆ ಪರದೆಯ ಮೇಲಿನ ಅಕ್ಷರಗಳು ಪ್ರಿಂಟರಿನಲ್ಲಿ ಕಾಗದದ ಮೇಲೆ ಬರುತ್ತಿದ್ದವು. ವಿಂಡೋಸ್ ಬಂದ ಮೇಲೆ ಕಾಗದದ ಸಂಬಂಧ ಕಡಿಯಿತು, ಹೆಸರು ಮಾತ್ರ ಉಳಿಯಿತು. ಈಗ ವಿಂಡೋಸ್ ಕೀ ಜೊತೆ ಅದನ್ನು ಒತ್ತಿದರೆ ಇಡೀ ಪರದೆಯ ಚಿತ್ರ ಪಿಕ್ಚರ್ಸ್ ಫೋಲ್ಡರಿನ ಒಳಗಿರುವ ಸ್ಕ್ರೀನ್‌ಶಾಟ್ಸ್‌ನಲ್ಲಿ ಹೋಗಿ ಕೂರುತ್ತದೆ. ಒಂದು ತುಂಡು ಸಾಕು ಅಂದರೆ ವಿಂಡೋಸ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಮೌಸ್ ಎಳೆಯಿರಿ. ಮ್ಯಾಕ್ ಇದ್ದವರಿಗೆ ಕಮಾಂಡ್, ಶಿಫ್ಟ್, 3 ಒತ್ತಿದರೆ ಪೂರ್ತಿ ಪರದೆ, 4 ಒತ್ತಿದರೆ ತುಂಡು. ಇಷ್ಟು ಸಾಕು, ಮಿಕ್ಕಿದ್ದು ಕೈಗೆ ತಾನೇ ಬರುತ್ತದೆ.

ತೊಡಕು ಇರುವುದು ಉದ್ದದ ಪುಟಗಳಲ್ಲಿ. ಪುಟ ಪರದೆಗಿಂತ ಹತ್ತು ಪಟ್ಟು ಉದ್ದ ಇರುತ್ತದೆ. ಜನ ಏನು ಮಾಡುತ್ತಾರೆ? ಸ್ವಲ್ಪ ಜಾರಿಸಿ ಒಂದು, ಮತ್ತೆ ಜಾರಿಸಿ ಇನ್ನೊಂದು, ಹೀಗೆ ಹದಿನೈದು ಚಿತ್ರ. ಆಮೇಲೆ ಯಾವುದು ಮೊದಲು ಯಾವುದು ಕೊನೆ ಅನ್ನುವುದೇ ಗೊತ್ತಾಗುವುದಿಲ್ಲ. ಈ ಕಷ್ಟ ಬೇಡ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಟೇಕ್ ಸ್ಕ್ರೀನ್‌ಶಾಟ್ ಅಂತ ಇರುತ್ತದೆ. ಅದರೊಳಗೆ ಪೂರ್ತಿ ಪುಟ ಉಳಿಸುವ ಬಟನ್ ಇದೆ. ಎಡ್ಜ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಪೂರ್ತಿ ಪುಟ ಅನ್ನುವುದನ್ನು ಆರಿಸಿದರೆ ಅದೇ ಕೆಲಸ ಆಗುತ್ತದೆ. ಕ್ರೋಮ್ ಮಾತ್ರ ಇದನ್ನು ಅಟ್ಟದ ಮೇಲೆ ಬಚ್ಚಿಟ್ಟಿದೆ. ಕಂಟ್ರೋಲ್, ಶಿಫ್ಟ್, ಐ ಒತ್ತಿ. ಪ್ರೋಗ್ರಾಮರುಗಳ ಫಲಕ ತೆರೆಯುತ್ತದೆ, ಹೆದರಬೇಡಿ. ಅಲ್ಲೇ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ಸ್ಕ್ರೀನ್‌ಶಾಟ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ಫುಲ್ ಸೈಜ್ ಇರುವುದನ್ನು ಆರಿಸಿ.

ಆದರೆ ತೆಗೆಯುವ ಮೊದಲು ಪುಟವನ್ನು ಬುಡದವರೆಗೆ ಒಮ್ಮೆ ಜಾರಿಸಿ ಬನ್ನಿ. ಈಗಿನ ತಾಣಗಳು ಸೋಮಾರಿಗಳು. ನೀವು ಹತ್ತಿರ ಹೋಗುವ ತನಕ ಕೆಳಗಿನ ಚಿತ್ರಗಳನ್ನು ತರಿಸುವುದೇ ಇಲ್ಲ. ಸುಮ್ನೆ ಬಟನ್ ಒತ್ತಿದರೆ ಅರ್ಧ ಪುಟದಲ್ಲಿ ಖಾಲಿ ಚೌಕಗಳು ಬರುತ್ತವೆ.

ಈಗ ನಾನು ಮುಖ್ಯವಾಗಿ ಹೇಳಲು ಬಂದ ವಿಷಯ. ಹೀಗೆ ತೆಗೆದ ಪೂರ್ತಿ ಪುಟದಲ್ಲಿ ಒಂದು ವಸ್ತು ಇರುವುದಿಲ್ಲ: ಅಡ್ರೆಸ್ ಬಾರ್. ಮೂಲೆಯ ಗಡಿಯಾರವೂ ಇರುವುದಿಲ್ಲ. ತುಂಡು ಕತ್ತರಿಸುವಾಗಲೂ ನಾವು ಮೊದಲು ಎಸೆಯುವುದು ಇವೆರಡನ್ನೇ, ಅಲ್ವಾ? ನೋಡಲು ಅಂದ ಇಲ್ಲ ಅಂತ. ವಿಳಾಸವಿಲ್ಲದ, ತಾರೀಖಿಲ್ಲದ ಪಟ ಸಹಿ ಇಲ್ಲದ ರಸೀದಿ ಇದ್ದ ಹಾಗೆ. ಅದಕ್ಕೆ ನಾನು ಯಾವಾಗಲೂ ಎರಡು ತೆಗೆಯುತ್ತೇನೆ. ಪೂರ್ತಿ ಪುಟದ್ದು ಒಂದು, ವಿಳಾಸ ಮತ್ತು ಗಂಟೆ ಕಾಣುವ ಹಾಗೆ ಇಡೀ ಪರದೆಯದ್ದು ಇನ್ನೊಂದು. ಕಂಟ್ರೋಲ್, ಪಿ ಒತ್ತಿ ಪಿಡಿಎಫ್ ಮಾಡುವುದೂ ಒಳ್ಳೆಯ ದಾರಿ. ಹೆಡರ್ಸ್ ಆಂಡ್ ಫೂಟರ್ಸ್ ಎಂಬಲ್ಲಿ ಟಿಕ್ ಹಾಕಿದರೆ ತಾರೀಖು, ವಿಳಾಸ ಎರಡೂ ಅಂಚಿನಲ್ಲಿ ಅಚ್ಚಾಗುತ್ತವೆ.

ಹಾಗಂತ ವಿಳಾಸ ಕಂಡ ಮಾತ್ರಕ್ಕೆ ಪಟ ನಿಜ ಅಂತಲ್ಲ. ಆಗ ಹೇಳಿದೆನಲ್ಲ, ಕ್ರೋಮ್‌ನ ಆ ಫಲಕ, ಅದರಲ್ಲೇ ಯಾವ ಸುದ್ದಿಯ ತಲೆಬರಹವನ್ನಾದರೂ ಅರ್ಧ ನಿಮಿಷದಲ್ಲಿ ಬದಲಿಸಬಹುದು. ಬದಲಾವಣೆ ನಿಮ್ಮ ಪರದೆಯಲ್ಲಿ ಮಾತ್ರ. ಪಟ ತೆಗೆದು ಹಂಚಿದರೆ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಎಲ್ಲರೂ ನೋಡಬಹುದಾದ ಪುಟವಾದರೆ ವೆಬ್ ಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೂ ಅದರ ವಿಳಾಸ ಕೊಡಿ. ತಾರೀಖಿನ ಸಮೇತ ಅದು ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ನಿಮ್ಮದಲ್ಲದ ಕೈಯಲ್ಲಿ ಒಂದು ಪ್ರತಿ ಇದ್ದರೆ ನಿಮ್ಮ ಮಾತಿಗೆ ಬಲ ಜಾಸ್ತಿ.

ವಿಷಯ ಕೋರ್ಟಿಗೆ ಹೋಗುವಂಥದ್ದಾದರೆ ಇನ್ನೂ ಎಚ್ಚರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಕಡತದ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಕಡತದ ಬೆರಳಚ್ಚು. ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಮುಟ್ಟಬೇಡಿ. ಗೆರೆ ಎಳೆಯುವುದು, ಕತ್ತರಿಸುವುದು ಎಲ್ಲ ಅದರ ನಕಲಿನ ಮೇಲೆ ನಡೆಯಲಿ.

ಕತ್ತರಿಸುವುದು ಅಂದಾಗ ನೆನಪಾಯಿತು. 2023ರಲ್ಲಿ ವಿಂಡೋಸ್ 11ರಲ್ಲಿ ಪರದೆಯ ಪಟ ತೆಗೆಯುವ ಸ್ನಿಪ್ಪಿಂಗ್ ಟೂಲ್‌ನಲ್ಲಿ ಒಂದು ತಪ್ಪು ಸಿಕ್ಕಿತು. ಚಿತ್ರ ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದರೆ, ಕತ್ತರಿಸಿದ ಭಾಗದ ಎಷ್ಟೋ ಅಂಶ ಕಡತದ ಬಾಲದಲ್ಲಿ ಹಾಗೇ ಉಳಿಯುತ್ತಿತ್ತು. ಸ್ಲೇಟಿನ ಮೇಲರ್ಧ ಮಾತ್ರ ಒರೆಸಿ ಹೊಸದು ಬರೆದ ಹಾಗೆ. ಬೇಗನೆ ಸರಿಪಡಿಸಿದರು, ಆದರೂ ನನಗೆ ಅಂದಿನಿಂದ ಒಂದು ಅಭ್ಯಾಸ ಅಂಟಿದೆ. ಆಧಾರ್ ಸಂಖ್ಯೆ, ಖಾತೆ ಸಂಖ್ಯೆ ಕಂಡರೆ ಮಸುಕು ಮಾಡುವುದಿಲ್ಲ, ಮೇಲೆ ಗಟ್ಟಿ ಕಪ್ಪು ಚೌಕ ಇಟ್ಟು ಹೊಸ ಹೆಸರಿನಲ್ಲಿ ಉಳಿಸುತ್ತೇನೆ. ಮಸುಕು ಮಾಡಿದ ಅಂಕಿಗಳನ್ನು ಊಹಿಸಿ ತೆಗೆಯುವವರಿದ್ದಾರೆ. ಮಾರ್ಕರಿನಿಂದ ಗೀಚಿದ್ದು ಸ್ವಲ್ಪ ಪಾರದರ್ಶಕವಾಗಿದ್ದರೆ, ಬೆಳಕು ಹೆಚ್ಚಿಸಿದ ಕೂಡಲೇ ಓದಬಹುದು.

ಕೊನೆಗೆ ನಮ್ಮ ಅಕ್ಷರದ ಮಾತು. ಕನ್ನಡದ ಒತ್ತಕ್ಷರಗಳು ಪರದೆಯಲ್ಲಿ ಚಿಕ್ಕವು. ಪುಟವನ್ನು ಶೇಕಡಾ 125ಕ್ಕೋ 150ಕ್ಕೋ ಹಿಗ್ಗಿಸಿ ಪಟ ತೆಗೆಯಿರಿ. ಚಿತ್ರ ಉಳಿಸುವಾಗ ಜೆಪೆಗ್ ಬಗೆಯ ಕಡತ ಬೇಡ, ಪಿಎನ್‌ಜಿ ಇರಲಿ. ಫೋಟೋಗೆ ಜೆಪೆಗ್ ಒಳ್ಳೆಯದೇ, ಆದರೆ ಅಕ್ಷರಗಳ ಅಂಚಿನಲ್ಲಿ ಅದು ಧೂಳು ಎಬ್ಬಿಸುತ್ತದೆ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದೂ ಕುಗ್ಗಿಸಿಬಿಡುತ್ತದೆ, ‘ಕ್ಕ’ ಯಾವುದು ‘ತ್ತ’ ಯಾವುದು ತಿಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಎರಡು ಸಾಲು ಟೈಪ್ ಮಾಡಿ. ಪಟದೊಳಗಿನ ಅಕ್ಷರ ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸ್ಕ್ರೀನ್ ರೀಡರಿಗೆ ಬರಿ ಚಿತ್ರ ಅಷ್ಟೆ.

ಸರಿ, ನಿಮ್ಮೆದುರಿನ ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ಮೈಸೂರು ಪುಟ ತೆರೆಯಿರಿ. ಬುಡದವರೆಗೆ ಜಾರಿಸಿ. ಎರಡು ಪಟ ಬೇಕು, ನಾನು ಒಂದೊಂದೇ ಟೇಬಲಿನ ಹತ್ತಿರ ಬರುತ್ತೇನೆ.